ಕಿರಿದಾಗಲು ಒಪ್ಪದ ಉಗಿಬಂಡಿ

ಹುಬ್ಬಳ್ಳಿಯಿಂದ ಹರಿಹರದತ್ತ ಹೊರಟ ರೈಲು ಯಲವಿಗಿ, ಸವಣೂರು, ಕರಜಗಿ ದಾಟಿ ಹಾವೇರಿ ಸೇರುತ್ತದೆ. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಪಟ್ಟಣಗಳಿಗೆ ಇಂದಿಗೂ ರೈಲು ನಿಲ್ದಾಣವಿಲ್ಲ. ಅಲ್ಲಿಯವರು ಗಾಡಿ ಹಿಡಿಯಲು ಈ ಹಳಿಯ ಬಳಿಗೇ ಬರಬೇಕು. 1876–78ರ ಭೀಕರ ಬರದಲ್ಲಿ ಒಳನಾಡಿಗೆ ಧಾನ್ಯ ಸಾಗಿಸುವುದು ಎಷ್ಟು ಕಷ್ಟವೆಂಬುದು ಬ್ರಿಟಿಷ್ ಸರ್ಕಾರಕ್ಕೆ ಮನವರಿಕೆಯಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಆ ದಶಕ ಮುಗಿಯುವುದರೊಳಗೆ ಮೀಟರ್ ಗೇಜ್ ಹಳಿ ಈ ಸೀಮೆಯನ್ನು ಹಾದುಹೋಯಿತು, ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ತಲೆಯೆತ್ತಿತು.

ಆ ಮೀಟರ್ ಗೇಜ್ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಹೊಗೆಯುಗುಳುವ ಕರಿ ಎಂಜಿನ್‌ಗಳ ಕಾಲವೂ ಮುಗಿಯಿತು. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಂಥ ಕಡೆ ಅಂಥ ಕೆಲವು ಬಣ್ಣ ಬಳಿಸಿಕೊಂಡು ನಿಂತಿವೆ. ನೋಡಲು ಚೆಂದ, ಮುಟ್ಟಿದರೆ ತಣ್ಣಗೆ. ಆಕಾರ ಉಳಿದಿದೆ, ಒಳಗಿನ ಬೆಂಕಿ ಉಳಿದಿಲ್ಲ.

ಬೆಂಕಿಯನ್ನೂ ಉಳಿಸಿಕೊಳ್ಳುವ ಹಟ ತೊಟ್ಟ ಹವ್ಯಾಸಿಗಳು ಜಗತ್ತಿನ ಹಲವೆಡೆ ಇದ್ದಾರೆ. ಅವರು ಅಂಗಡಿಯಿಂದ ತಂದ ಬಿಡಿಭಾಗ ಜೋಡಿಸುವವರಲ್ಲ. ಮೂಲ ನಕ್ಷೆಯನ್ನು ಎದುರಿಗಿಟ್ಟುಕೊಂಡು ತಗಡು ಕತ್ತರಿಸಿ, ಲೇತ್ ಹಿಡಿದು, ಎರಕ ಹೊಯ್ಯಿಸಿ, ಒಂದೊಂದು ತಿರುಪನ್ನೂ ತಾವೇ ಮಾಡಿ ಇಡೀ ಎಂಜಿನ್ ಕಟ್ಟುತ್ತಾರೆ. ಒಂದು ಎಂಜಿನ್‌ಗೆ ಹತ್ತು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಇದೇನು ಮಕ್ಕಳಾಟಿಕೆಯೇ ಎಂದು ಕೇಳುವವರುಂಟು. ಆದರೆ ಕಷ್ಟ ಇರುವುದು ಕೈಕೆಲಸದಲ್ಲಷ್ಟೇ ಅಲ್ಲ, ಕಿರಿದು ಮಾಡುವುದರಲ್ಲೇ ಇದೆ.

ಕಲ್ಲಿಗೆ ಈ ಕಷ್ಟವಿಲ್ಲ. ಚಾಲುಕ್ಯ ಶೈಲಿಯ ಗುಡಿಗಳ ಹೊರಗೋಡೆಯಲ್ಲಿ ಪುಟ್ಟ ಪುಟ್ಟ ಶಿಖರಗಳನ್ನು ಕೆತ್ತುವುದು ರೂಢಿ. ಹಾನಗಲ್ಲಿನ ತಾರಕೇಶ್ವರ ಗುಡಿ ನೋಡಿದವರಿಗೆ ಆ ಶೈಲಿ ಹೊಸದಲ್ಲ. ಗೇಣುದ್ದದ ಶಿಖರವೂ ಶಿಖರವೇ, ಅದು ಏನನ್ನೂ ಹೊರಬೇಕಿಲ್ಲ. ಉಗಿ ಎಂಜಿನ್ ಹಾಗಲ್ಲ, ಅದು ಓಡಬೇಕು.

ಒಂದು ಲೆಕ್ಕ ನೋಡಿ. ಸ್ವಾತಂತ್ರ್ಯಾನಂತರ ದೇಶದ ಮೀಟರ್ ಗೇಜ್‌ನಲ್ಲಿ ಪ್ರಯಾಣಿಕರ ಗಾಡಿ ಎಳೆದ ವೈಪಿ ಎಂಜಿನ್ನಿನ ದೊಡ್ಡ ಚಕ್ರದ ವ್ಯಾಸ 1,372 ಮಿಲಿಮೀಟರ್. ಎಂಟರಲ್ಲಿ ಒಂದು ಅಳತೆಗೆ ಇಳಿಸಿದರೆ ಅದು ಸುಮಾರು 171 ಮಿ.ಮೀ. ಆಗುತ್ತದೆ, ಹಳಿಗಳ ನಡುವಿನ ಅಂತರ ಐದು ಇಂಚಿನ ಆಸುಪಾಸಿಗೆ ಬರುತ್ತದೆ. ಆದರೆ ಮೇಲ್ಮೈ ಕುಗ್ಗುವುದು 64ರಲ್ಲಿ ಒಂದು ಪಾಲಿಗೆ, ಗಾತ್ರ ಮತ್ತು ತೂಕ ಕುಗ್ಗುವುದು 512ರಲ್ಲಿ ಒಂದು ಪಾಲಿಗೆ. ನೂರು ಟನ್ನಿನ ಎಂಜಿನ್ ಇನ್ನೂರು ಕಿಲೊಗೆ ಇಳಿಯುತ್ತದೆ, ಸರಿ. ಆದರೆ ಒಳಗಿರುವ ಉಗಿಯ ಪಾಲಿಗೆ ಅದನ್ನು ತಣಿಸುವ ಗೋಡೆ ಮೊದಲಿಗಿಂತ ಎಂಟು ಪಟ್ಟು ಹೆಚ್ಚಾಗುತ್ತದೆ. ಚಿಕ್ಕ ಲೋಟದ ಚಹಾ ಬೇಗ ಆರುವುದೂ ಇದೇ ಕಾರಣಕ್ಕೆ.

ಉಗಿಯಂತ್ರದ ಇತಿಹಾಸ ತಿರುವು ಪಡೆದದ್ದೇ ಈ ತೊಡಕಿನಿಂದ ಎಂಬುದು ಸ್ವಾರಸ್ಯಕರ. 1763ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ನ್ಯೂಕಾಮೆನ್ ಯಂತ್ರದ ಪುಟ್ಟ ಮಾದರಿಯೊಂದನ್ನು ದುರಸ್ತಿಗೆಂದು ಜೇಮ್ಸ್ ವಾಟ್‌ನ ಕೈಗಿತ್ತರು. ಸರಿಪಡಿಸಿದ ಮೇಲೂ ಅದು ನಾಲ್ಕಾರು ಬಾರಿ ಆಡಿ ನಿಂತುಬಿಡುತ್ತಿತ್ತು. ಗಣಿಗಳಲ್ಲಿ ಅದರ ದೊಡ್ಡಣ್ಣಂದಿರು ಹಗಲಿರುಳು ನೀರೆತ್ತುತ್ತಿದ್ದರೂ ಇದಕ್ಕೇನು ದಾಡಿ? ಪ್ರತಿ ಸಲ ಸಿಲಿಂಡರು ತಣ್ಣಗಾಗಿ ಮತ್ತೆ ಕಾಯಬೇಕಿತ್ತು, ಉಗಿಯ ಬಹುಪಾಲು ಅದಕ್ಕೇ ಖರ್ಚಾಗುತ್ತಿತ್ತು. ದೊಡ್ಡ ಯಂತ್ರದಲ್ಲೂ ಈ ನಷ್ಟ ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸುವ ಉಪಾಯ ವಾಟ್‌ಗೆ ಹೊಳೆದದ್ದು 1765ರಲ್ಲಿ. ಮುಂದೆ 1784ರಲ್ಲಿ ಅವನ ಕಂಪನಿಯ ನೌಕರ ವಿಲಿಯಂ ಮರ್ಡಾಕ್ ನೆಲದ ಮೇಲೆ ತಾನಾಗಿ ಓಡುವ ಪುಟ್ಟ ಉಗಿಗಾಡಿ ಮಾಡಿದ. ಹಳಿಯ ಮೇಲೆ ಟ್ರೆವಿಥಿಕ್‌ನ ಎಂಜಿನ್ ಓಡಿದ್ದು 1804ರಲ್ಲಿ. ಹೀಗೆ ರೈಲಿಗಿಂತ ಅದರ ಆಟಿಕೆಯೇ ಹಿರಿದು!

ಇಂದಿನ ಮಾದರಿಕಾರನೂ ವಾಟ್ ಎದುರಿಸಿದ ತೊಡಕನ್ನೇ ಎದುರಿಸುತ್ತಾನೆ. ಬಾಯ್ಲರಿನೊಳಗೆ ಬಿಸಿಗಾಳಿ ಹಾಯುವ ಎರಡಂಗುಲದ ಕೊಳವೆ ಎಂಟು ಪಟ್ಟು ಕಿರಿದಾದರೆ ಕಾಲಂಗುಲ. ಅದು ಬೂದಿಯಿಂದ ಬೇಗ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಕೊಳವೆಗಳ ಸಂಖ್ಯೆ ಇಳಿಸಿ ಬಾಯಿ ಅಗಲಿಸುತ್ತಾರೆ. ಮೂಲದಲ್ಲಿ ಬಾಯ್ಲರು ಉಕ್ಕಿನದು. ಅದರ ತಗಡು ತೆಳ್ಳಗಾದರೂ ಹಿಡಿಯುವ ತುಕ್ಕು ತೆಳ್ಳಗಾಗುವುದಿಲ್ಲವಲ್ಲ! ಹಾಗಾಗಿ ಹೆಚ್ಚಿನವರು ತಾಮ್ರ ತಂದು ಬೆಳ್ಳಿ ಬೆಸುಗೆ ಹಾಕುತ್ತಾರೆ. ನೀರಿನ ಮಟ್ಟ ತೋರುವ ಗಾಜಿನ ನಳಿಗೆಯನ್ನು ಅಳತೆಗೆ ಸರಿಯಾಗಿ ಸಣ್ಣದು ಮಾಡಿದರೆ ನೀರು ಗಾಜಿಗೆ ಅಂಟಿಕೊಂಡು ಸುಳ್ಳು ಹೇಳುತ್ತದೆ. ಹೊರನೋಟಕ್ಕೆ ಮೂಲದಂತೆಯೇ ಇರಬೇಕು, ಒಳಗೆ ಎಲ್ಲವನ್ನೂ ಹೊಸದಾಗಿ ಯೋಚಿಸಬೇಕು.

ಇಷ್ಟು ಚಿಕ್ಕ ಎಂಜಿನ್‌ಗೆ ಕಲ್ಲಿದ್ದಲು ಹಾಕಿ ಮನುಷ್ಯರನ್ನು ಎಳೆಸಲಾದೀತೇ ಎಂಬುದು 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ಜಗಳವೇ ಆಗಿತ್ತು. ಸ್ಪಿರಿಟ್ ದೀಪವೇ ಸಾಕೆಂದು ದೊಡ್ಡ ಆಟಿಕೆ ಕಂಪನಿಯ ಕಡೆಯವರು ವಾದಿಸುತ್ತಿದ್ದರು. 'ಮಾಡೆಲ್ ಎಂಜಿನಿಯರ್' ಪತ್ರಿಕೆಯಲ್ಲಿ ಎಲ್.ಬಿ.ಎಸ್.ಸಿ. ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ ಲೇಖಕ ಅದನ್ನು ಒಪ್ಪಲಿಲ್ಲ. ಕೇವಲ ಎರಡೂವರೆ ಇಂಚು ಗೇಜಿನ 'ಆಯೇಷಾ' ಎಂಬ ಎಂಜಿನ್ನಿಗೆ ಕಲ್ಲಿದ್ದಲು ಹಾಕಿ ವಯಸ್ಕರನ್ನು ಎಳೆಸಿ ತೋರಿಸಿದ. ಆಮೇಲೆ ದಶಕಗಳ ಕಾಲ, ಮನೆಯ ಮೂಲೆಯಲ್ಲೊಂದು ಚಿಕ್ಕ ಲೇತ್ ಇರುವ ಸಾಮಾನ್ಯರಿಗೂ ಅರ್ಥವಾಗುವಂತೆ ಹಂತ ಹಂತವಾಗಿ ಬರೆದು ಕಲಿಸಿದ. ಇಂದಿನ ಹವ್ಯಾಸಿಗಳ ಪರಂಪರೆ ಬೆಳೆದದ್ದು ಬಹುಮಟ್ಟಿಗೆ ಆ ಲೇಖನಗಳಿಂದ.

ಚಕ್ರಗಳ ಎರಕಕ್ಕೆ ಮೊದಲು ಮರದ ಅಚ್ಚು ಬೇಕು. ಕಾದ ಬೀಡುಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುವುದರಿಂದ ಅಚ್ಚು ಆ ಮಟ್ಟಿಗೆ ದೊಡ್ಡದಿರಬೇಕು. ಇದು ಬಡಿಗನ ಜಾಣತನ. ಎರಕಕ್ಕೆ ಹೆಸರಾದ ಬೆಳಗಾವಿ ಹಾವೇರಿ ಸೀಮೆಗೆ ತೀರಾ ದೂರವೂ ಅಲ್ಲ. ಬಾಯ್ಲರು ಸಿದ್ಧವಾದ ಮೇಲೆ ಮೊದಲು ಬೆಂಕಿ ಹಾಕುವಂತಿಲ್ಲ. ತಣ್ಣೀರು ತುಂಬಿ, ಓಡುವಾಗಿನ ಒತ್ತಡದ ಎರಡು ಪಟ್ಟು ಒತ್ತಡ ಕೊಟ್ಟು ನೋಡುತ್ತಾರೆ. ನೀರು ಉಗಿಯಂತೆ ಹಿಗ್ಗದ ಕಾರಣ ಬೆಸುಗೆ ಬಿಟ್ಟರೂ ಸೋರುತ್ತದೆಯೇ ಹೊರತು ಸಿಡಿಯುವುದಿಲ್ಲ. ಸಿಲಿಂಡರು, ಕವಾಟಗಳನ್ನು ಬರೀ ಗಾಳಿಯ ಒತ್ತಡದಿಂದ ಆಡಿಸಿ ಲಯ ಕೂಡಿಸುತ್ತಾರೆ.

ಕೊನೆಗೊಂದು ದಿನ ಕಡಲೆಕಾಳಿನಷ್ಟು ಪುಡಿ ಮಾಡಿದ ಕಲ್ಲಿದ್ದಲನ್ನು ಚಮಚದಂಥ ಸಲಿಕೆಯಿಂದ ಒಲೆಗೆ ಹಾಕುತ್ತಾರೆ. ಚಾಲಕನಿಗೆ ಎಂಜಿನ್ನಿನೊಳಗೆ ಜಾಗವಿಲ್ಲ, ಹಿಂದಿನ ತಳ್ಳುಗಾಡಿಯಂಥ ಬಂಡಿಯ ಮೇಲೆ ಕಾಲು ಇಳಿಬಿಟ್ಟು ಕೂರಬೇಕು. ಒಂದು ಕಣ್ಣು ಸದಾ ಆ ಗಾಜಿನ ನಳಿಗೆಯ ಮೇಲಿರಬೇಕು.