ತುರ್ಕಿ ವ್ಯಕ್ತಿನಾಮಗಳಲ್ಲಿ ಹರಕೆಯ ನೆಲೆ

ತುರ್ಕಿ ವ್ಯಕ್ತಿನಾಮಗಳಲ್ಲಿ ಅರಬ್ಬಿ, ಪಾರಸಿ ಮೂಲದವು ಹೇರಳವಾಗಿದ್ದರೂ ಜನಪದ ನಂಬಿಕೆಯ ಅಧ್ಯಯನಕ್ಕೆ ಹೆಚ್ಚು ಒದಗುವಂಥವು ಅಚ್ಚ ತುರ್ಕಿ ಕ್ರಿಯಾಪದಗಳಿಂದ ಹುಟ್ಟಿದ ಹೆಸರುಗಳು. ಕೂಸುಗಳು ಒಂದರ ಹಿಂದೊಂದು ತೀರಿಕೊಂಡ ಮನೆಯಲ್ಲಿ ಹುಟ್ಟಿದ ಮಗುವಿಗೆ 'ದುರ್ಸುನ್' ಎಂದು ಹೆಸರಿಡುತ್ತಿದ್ದರು. 'ನಿಲ್ಲಲಿ, ಉಳಿಯಲಿ' ಎಂಬುದು ಅದರರ್ಥ. 'ಯಶಾರ್' ಎಂದರೆ 'ಬದುಕುತ್ತಾನೆ'. 'ಸತಿಲ್ಮಿಶ್' ಎಂದರೆ 'ಮಾರಲ್ಪಟ್ಟವನು'. ಮಗುವನ್ನು ಸಾಂಕೇತಿಕವಾಗಿ ಪರರಿಗೆ ಮಾರಿ, ಇಲ್ಲವೇ ಸಂತನಿಗೆ ಒಪ್ಪಿಸಿ ಮೃತ್ಯುವಿನ ಕಣ್ಣು ತಪ್ಪಿಸುವ ಉಪಾಯವಿದು. ಕನ್ನಡದ 'ತಿಪ್ಪ'ನನ್ನು ಬಲ್ಲವರಿಗೆ ಇದು ಅಪರಿಚಿತವೇನಲ್ಲ.

ಹೆಣ್ಣುಮಕ್ಕಳೇ ಹುಟ್ಟುತ್ತಿದ್ದ ಮನೆಯಲ್ಲಿ ಮತ್ತೊಬ್ಬಳು ಬಂದರೆ ಅವಳು 'ಯೆತೆರ್', ಅಂದರೆ 'ಸಾಕು'. ಇದನ್ನೂ ಹರಕೆ ಎನ್ನಬಹುದು. ಆದರೆ ದುರ್ಸುನನ ಹೆಸರು ಅವನ ಆಯುಷ್ಯವನ್ನೇ ಕೋರಿದರೆ, ಯೆತೆರಳ ಹೆಸರು ಕೋರುವುದು ಇನ್ನೂ ಹುಟ್ಟದ ತಮ್ಮನನ್ನು. 1934ರ ಕುಲನಾಮ ಕಾಯಿದೆ ಬರುವವರೆಗೆ ಬಹುತೇಕ ಹಳ್ಳಿಗರಿಗೆ ಅಧಿಕೃತ ಕುಲನಾಮವಿರಲಿಲ್ಲ. ತಂದೆಯ ಹೆಸರನ್ನು ಬಿಟ್ಟರೆ ಅವಳ ಗುರುತು ಆ ಒಂದು ಪದವೇ.