ಪುಟ್ಟ ಮಕ್ಕಳಿಗೆ ಹಲ್ಲುಜ್ಜಲು ಕಲಿಸುವುದು: ಬ್ರಶ್ ಯಾರ ಕೈಯಲ್ಲಿರಬೇಕು?

‘ಹಾಲುಹಲ್ಲು ತಾನೇ, ಹೇಗೂ ಬೀಳುತ್ತದೆ’ ಎನ್ನುವವರು ಇಂದಿಗೂ ಇದ್ದಾರೆ. ಮುಂದಿನ ಹಾಲುಹಲ್ಲುಗಳು 6–7ನೇ ವರ್ಷಕ್ಕೆ ಬೀಳುವುದು ನಿಜ. ಆದರೆ ಹಿಂದಿನ ದವಡೆಯ ಹಾಲುಹಲ್ಲುಗಳು 10–12 ವರ್ಷದವರೆಗೆ ಇರಬೇಕಾದವು. ಅವು ಹುಳುಕಾದರೆ ಮಗುವಿಗೆ ನೋವು, ಕೀವು, ನಿದ್ದೆಗೇಡು. ಬೇಗನೆ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಶಾಶ್ವತ ಹಲ್ಲು ಓರೆಯಾಗಿ ಬರಬಹುದು.

ಆದ್ದರಿಂದ ಮೊದಲ ಹಲ್ಲು ಕಂಡ ದಿನದಿಂದಲೇ, ಅಂದರೆ ಸುಮಾರು 6 ತಿಂಗಳಿನಿಂದಲೇ, ಉಜ್ಜಲು ಆರಂಭಿಸಬೇಕು.

ಕೈ ನಿಮ್ಮದೇ ಇರಲಿ

2–3 ವರ್ಷದ ಮಗು ‘ನಾನೇ ಮಾಡ್ತೀನಿ’ ಎನ್ನುತ್ತದೆ. ಮಾಡಲಿ ಬಿಡಿ. ಅದರ ಪಾಳಿ ಮುಗಿದ ಮೇಲೆ ನಿಮ್ಮ ಪಾಳಿ. 7–8 ವರ್ಷದವರೆಗೆ ಮಗುವಿನ ಬೆರಳುಗಳಿಗೆ ಒಳಬದಿ ಮತ್ತು ಹಿಂಬದಿಯ ಹಲ್ಲುಗಳನ್ನು ಉಜ್ಜುವ ಹಿಡಿತ ಬಂದಿರುವುದಿಲ್ಲ. ತನ್ನ ಶೂ ಲೇಸನ್ನು ಸಲೀಸಾಗಿ ಕಟ್ಟಿಕೊಳ್ಳುವವರೆಗೆ ನೀವೇ ಉಜ್ಜಿ ಎಂದು ದಂತವೈದ್ಯರು ಹೇಳುವುದುಂಟು.

ಚಿಕ್ಕ ಮಗುವನ್ನು ತೊಡೆಯ ಮೇಲೆ ತಲೆಯಿಟ್ಟು ಮಲಗಿಸಿಕೊಳ್ಳಿ. ಬಾಯಿಯೊಳಗೆ ಚೆನ್ನಾಗಿ ಕಾಣುತ್ತದೆ. ದೊಡ್ಡ ಮಗುವಾದರೆ ಕನ್ನಡಿಯ ಮುಂದೆ, ನೀವು ಹಿಂದೆ ನಿಂತು ಗದ್ದ ಹಿಡಿದುಕೊಳ್ಳಿ. ತುದಿ ಚಿಕ್ಕದಾಗಿರುವ ಮೃದು ಬ್ರಶ್ ಸಾಕು. ವಸಡಿನ ಅಂಚಿನಲ್ಲಿ ಸಣ್ಣ ಸಣ್ಣ ಸುತ್ತುಗಳಂತೆ 2 ನಿಮಿಷ ಉಜ್ಜಿ. ನಂತರ ಪೇಸ್ಟ್ ಉಗುಳಿಸಿ. ಮತ್ತೆ ಮತ್ತೆ ಬಾಯಿ ಮುಕ್ಕಳಿಸುವುದು ಬೇಡ.

ಬೆಳಿಗ್ಗೆ ಉಜ್ಜಿಸುವುದು ಎಲ್ಲ ಮನೆಗಳಲ್ಲೂ ಇದೆ. ತಪ್ಪುವುದು ರಾತ್ರಿಯದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹುಳುಕಿಗೆ ಅದೇ ಅನುಕೂಲದ ಸಮಯ. ಪುಣೆಯಂಥ ನಗರದಲ್ಲಿ ಕೆಲಸ ಮುಗಿಸಿ, ಪಾಳಣಾಘರ್‌ನಿಂದ ಮಗುವನ್ನು ಕರೆತರುವಷ್ಟರಲ್ಲಿ ಇಬ್ಬರೂ ದಣಿದಿರುತ್ತೀರಿ. ಮಲಗುವ ಹೊತ್ತಿಗೆ ಕಾಯದೆ ಊಟವಾದ ಕೂಡಲೇ ಉಜ್ಜಿಬಿಡಿ. ಆಮೇಲೆ ನೀರು ಮಾತ್ರ. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವ ರೂಢಿಯಿದ್ದರೆ ನಿಲ್ಲಿಸಿ.

ಮಕ್ಕಳು ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದೇ ಹೆಚ್ಚು. ಮಹಾರಾಷ್ಟ್ರದ ಕೆಲವು ಮನೆಗಳಲ್ಲಿ ದೊಡ್ಡವರು ಮಿಶ್ರಿಯಿಂದ ಹಲ್ಲು ತಿಕ್ಕುತ್ತಾರೆ. ಅದು ಹಲ್ಲುಪುಡಿಯಲ್ಲ, ಹುರಿದು ಪುಡಿ ಮಾಡಿದ ತಂಬಾಕು. ಮಗುವಿನ ಕೈಗೆ ಅದು ಎಂದೂ ಸಿಗಬಾರದು. ಇದ್ದಿಲು, ಉಪ್ಪುಗಳಿಂದ ತಿಕ್ಕುವುದೂ ಬೇಡ.

ಯಾವ ಪೇಸ್ಟ್, ಎಷ್ಟು?

3 ವರ್ಷದೊಳಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರೆಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್. ಬ್ರಶ್ ತುಂಬ ಪೇಸ್ಟ್ ಹಾಕುವುದು ಜಾಹೀರಾತಿನಲ್ಲಿ ಮಾತ್ರ. ನಮ್ಮ ದೇಶದಲ್ಲಿ ಪೇಸ್ಟಿನ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ, ಪ್ರಮಾಣವನ್ನು ಟ್ಯೂಬಿನ ಮೇಲೆ ಮುದ್ರಿಸಲೇಬೇಕು. ಮಕ್ಕಳ ಪೇಸ್ಟ್ ಎಂದು ಮಾರುವ ಕೆಲವದರಲ್ಲಿ ಇದರ ಅರ್ಧದಷ್ಟಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಚಿತ್ರ ನೋಡಿ ಕೊಳ್ಳಬೇಡಿ, ಅಂಕಿ ಓದಿ.

ಪಾವಗಡ, ಮುಂಡರಗಿಯಂಥ ಕಡೆಯಿಂದ ಬಂದವರಿಗೆ ಫ್ಲೋರೈಡ್ ಎಂದರೆ ಭಯವಿರುವುದು ಸಹಜ; ಕೊಳವೆಬಾವಿ ನೀರಿನಿಂದ ಕಂದಾದ ಹಲ್ಲುಗಳನ್ನು ಅವರು ಕಂಡಿರುತ್ತಾರೆ. ಆ ಕಲೆ ಬರುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊಟ್ಟೆಗೆ ಹೋದಾಗ. ಅಕ್ಕಿಕಾಳಿನಷ್ಟು ಪೇಸ್ಟಿನಿಂದ ಆ ಅಪಾಯ ತೀರಾ ಕಡಿಮೆ. ಆದರೆ ಮನೆಯಲ್ಲಿ ಕುಡಿಯುವುದು ಕೊಳವೆಬಾವಿಯ ನೀರಾದರೆ ವೈದ್ಯರಿಗೆ ಅದನ್ನು ತಿಳಿಸಿ.

ವೈದ್ಯರ ಬಳಿಗೆ ಯಾವಾಗ?

ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ತೋರಿಸಿ. ಪುಣೆಯಲ್ಲಿ ಭಾರತಿ ವಿದ್ಯಾಪೀಠ, ಪಿಂಪ್ರಿಯ ಡಿ.ವೈ. ಪಾಟೀಲ ಮುಂತಾದ ದಂತ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೇ ಪ್ರತ್ಯೇಕ ವಿಭಾಗವಿದೆ.

ಮನೆಯಲ್ಲಿ ತಿಂಗಳಿಗೊಮ್ಮೆ ಮಗುವಿನ ಮೇಲ್ದುಟಿ ಎತ್ತಿ ನೋಡಿ. ವಸಡಿನಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಆರಂಭ. ಆಗಲೇ ಹೋದರೆ ತಡೆಯಬಹುದು. 6ನೇ ವರ್ಷದ ಸುಮಾರಿಗೆ ಕೊನೆಯ ಹಾಲುಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಹೊಸ ದವಡೆ ಹಲ್ಲು ಬರುತ್ತದೆ. ಅದು ಶಾಶ್ವತ ಹಲ್ಲು. ಬ್ರಶ್ ಅಲ್ಲಿಯವರೆಗೂ ಮುಟ್ಟಬೇಕು. ಕೆನ್ನೆ ಊದಿಕೊಂಡು ಜ್ವರವೂ ಬಂದಿದ್ದರೆ ಮನೆಮದ್ದು ಮಾಡುತ್ತ ಕೂರದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.