ಉತ್ತರದ ಪಂಚಾಂಗ, ದಕ್ಷಿಣದ ಬೀಜ

ಚೀನಾದ ಹಳೆಯ ಕೃಷಿ ಪಂಚಾಂಗದಲ್ಲಿ ವರ್ಷಕ್ಕೆ 24 ಭಾಗ, ಒಂದೊಂದಕ್ಕೆ ಸುಮಾರು ಹದಿನೈದು ದಿನ. ನಮ್ಮ ಮಳೆನಕ್ಷತ್ರಗಳ ಹಾಗೆ ಅದೂ ಸೂರ್ಯನ ನಡೆಯನ್ನೇ ಹಿಡಿದ ಲೆಕ್ಕ. ಕ್ರಿ.ಪೂ. 104ರ ತೈಚು ಪಂಚಾಂಗದಲ್ಲಿ ನೆಲೆನಿಂತ ಈ ಲೆಕ್ಕ ಹುಟ್ಟಿದ್ದು ಉತ್ತರದ ಹಳದಿ ನದಿಯ ಬಯಲಿನಲ್ಲಿ. ಅಕ್ಟೋಬರ್ 23ರ ಸುಮಾರಿಗೆ ಇಬ್ಬನಿ ಹೆಪ್ಪುಗಟ್ಟುತ್ತದೆ ಎಂದು ಅದು ಹೇಳುವುದು ಆ ಬಯಲಿಗೇ ಸರಿ. ಕರ್ಕಾಟಕ ವೃತ್ತದ ಬುಡದಲ್ಲಿರುವ ಗುವಾಂಗ್‌ಝೌನಲ್ಲಿ ಆಗಷ್ಟೇ ಸೆಕೆ ಇಳಿಯುತ್ತಿರುತ್ತದೆ. ಚೀನೀ ಬ್ರೊಕೊಲಿ ಎಂದು ನಾವು ಕರೆಯುವ ಗಾಯ್ ಲಾನ್‌ಗೆ ಅದೇ ಒಳ್ಳೆಯ ಕಾಲ. ಆದರೂ ದಕ್ಷಿಣದ ರೈತ ಆ ಪಂಚಾಂಗವನ್ನು ಬಿಡಲಿಲ್ಲ. ಅದರ ದಿನಗಳನ್ನು ಇಟ್ಟುಕೊಂಡ, ಅದು ಹೇಳುವ ಹವೆಯನ್ನು ಕೈಬಿಟ್ಟ. ತನ್ನ ಊರಿನ ಹವೆಯ ತಿಳಿವಳಿಕೆಯನ್ನು ಬೀಜದಲ್ಲಿ ಕೂಡಿಟ್ಟ ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ಗಿಡದಲ್ಲೇ ಇದೆ. ಗಾಯ್ ಲಾನ್‌ನಲ್ಲಿ ತಿನ್ನುವುದು ಮುಖ್ಯವಾಗಿ ಹೂದಂಟನ್ನು. ಮೊಗ್ಗಿನ ಗೊಂಚಲು ಎಲೆಗಳ ತುದಿಯ ಮಟ್ಟಕ್ಕೆ ಬಂದು, ಒಂದೆರಡು ಬಿಳಿ ಹೂ ಬಿರಿಯುವ ಹೊತ್ತಿಗೆ ಕೊಯ್ಯಬೇಕು. ತಡವಾದರೆ ದಂಟು ನಾರಾಗುತ್ತದೆ. ಮೊಗ್ಗು ಕಟ್ಟುವುದಕ್ಕೆ ತಂಪು ಬೇಕು, ಆದರೆ ಎಲ್ಲ ತಳಿಗೂ ಒಂದೇ ಅಳತೆಯ ತಂಪಲ್ಲ. ಮುಂಗಡ ತಳಿ ಸೆಕೆಯಲ್ಲೂ ಮೊಗ್ಗಿಡುತ್ತದೆ, ಹಿಂಗಡ ತಳಿ ಚಳಿ ಕೂಡುವವರೆಗೆ ಎಲೆ ಬಿಡುತ್ತಲೇ ಇರುತ್ತದೆ. ಮುಂಗಡದ ಬೀಜವನ್ನು ಚಳಿಗಾಲಕ್ಕೆ ಬಿತ್ತಿದರೆ ಗಿಡ ಬಲಿಯುವ ಮೊದಲೇ ಹೂವಿಗೆ ಬಂದು ದಂಟು ಸಣಕಲಾಗುತ್ತದೆ. ಹಿಂಗಡದ್ದನ್ನು ಬೇಸಿಗೆಯಲ್ಲಿ ಬಿತ್ತಿದರೆ ಬರೀ ಸೊಪ್ಪು. ಆದ್ದರಿಂದಲೇ ಅಲ್ಲಿ ಬೇಸಿಗೆಯ ಕೊನೆಗೊಂದು, ಶರತ್ತಿಗೊಂದು, ಚಳಿಗೊಂದು ತಳಿ. ಯಾವಾಗ ಬಿತ್ತಬೇಕು ಎಂದು ಕೇಳುವವನು ಯಾವ ಬೀಜ ಎಂಬುದನ್ನು ಮೊದಲು ಹೇಳಬೇಕು.

ದಕ್ಷಿಣದ ಹವೆಗೂ ಈ ತರಕಾರಿಗೂ ಇರುವ ನಂಟು ಅಷ್ಟು ಹಳೆಯದೇ ಎಂದು ಯಾರಾದರೂ ಕೇಳಬಹುದು. 1094ರಲ್ಲಿ ಗಡಿಪಾರಾಗಿ ಗುವಾಂಗ್‌ಡಾಂಗ್‌ನ ಹುಯಿಝೌಗೆ ಬಂದ ಕವಿ ಸು ಷಿ, ಮಳೆಯ ನಂತರದ ಕೈತೋಟದ ಮೇಲೆ ಬರೆದ ಕವಿತೆಯಲ್ಲಿ ಈ ತರಕಾರಿಯ ಹೆಸರಿದೆ, ತಂಪಿನ ಬೆಳೆಯೇ ಆದ ಚೀನೀ ಎಲೆಕೋಸಿನ ಜೊತೆಗೆ. ಹೆಸರು ಅದೇ ಎಂದ ಮಾತ್ರಕ್ಕೆ ಗಿಡವೂ ಇಂದಿನದೇ ಎನ್ನಲಾಗದು, ಒಪ್ಪುತ್ತೇನೆ. ತಳಿಗಳು ಒಂದೆರಡು ತಲೆಮಾರಿನಲ್ಲಿ ಆದವಲ್ಲ ಎಂದಷ್ಟೇ ನಾನು ಹೇಳುವುದು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಬೀಜವೇ ಎಲ್ಲ ಬಲ್ಲದಾದರೆ ಪಂಚಾಂಗವೇಕೆ? ಚಾಂದ್ರಮಾಸಗಳನ್ನು ನೆಚ್ಚಿದರೆ ಅಧಿಕಮಾಸ ಬರುವವರೆಗೆ ತಿಂಗಳುಗಳು ಹವೆಯಿಂದ ದೂರ ಸರಿಯುತ್ತಲೇ ಹೋಗುತ್ತವೆ. ಸೂರ್ಯನ ಲೆಕ್ಕ ಹಾಗೆ ಸರಿಯುವುದಿಲ್ಲ. ಯಾವ ತಳಿಯನ್ನು ಕೈಗೆತ್ತಿಕೊಳ್ಳುವ ಹೊತ್ತು ಇದು ಎಂದು ತಿಳಿಯಲು ಅಲುಗದ ಒಂದು ದಿನ ಬೇಕೇ ಬೇಕು. ಅದು ಎಲ್ಲಿಯ ಹವೆಯನ್ನು ಹೇಳಿದರೇನು?

ಈಗ ಪೇಟೆಗೆ ವರ್ಷವಿಡೀ ಗಾಯ್ ಲಾನ್ ಬೇಕು. ನಡುಬೇಸಿಗೆಯ ಕೊರತೆಯನ್ನು ತಳಿಯೊಂದೇ ತುಂಬಲಾರದು. ಹಾಗಾಗಿ ಸೆಕೆಯ ತಿಂಗಳುಗಳಲ್ಲಿ ಹಾಂಗ್‌ಕಾಂಗಿನ ಪೇಟೆಗೆ ತರಕಾರಿ ಬೆಳೆಯುವ ಕೆಲಸ ಹಳದಿ ನದಿಯ ಮೇಲ್ಹರಿವಿನ ನಿಂಗ್‌ಶಿಯಾದ ಎತ್ತರದ ನೆಲಕ್ಕೂ ಹೋಗಿದೆ; ಅಲ್ಲಿಂದ ತರಕಾರಿ ತಂಪು ಲಾರಿಗಳಲ್ಲಿ ದಕ್ಷಿಣಕ್ಕೆ ಬರುತ್ತದೆ.